ಆಪ್ತತೆಯ ನೆಲೆಯಾಗಿ ಶಾಲೆ: ಹದಿಹರೆಯದ ವಿದ್ಯಾರ್ಥಿಗಳ ಸ್ವಾಸ್ಥ್ಯ ಕುರಿತು

1. ಎರಡು ಪದಗಳ ವಿಚಾರ

ಇಂಗ್ಲಿಷಿನ ಕೌನ್ಸೆಲಿಂಗ್ ಎಂಬ ಮಾತಿಗೆ ಕನ್ನಡದಲ್ಲಿ ‘ಆಪ್ತ ಸಮಾಲೋಚನೆ’ ಎಂಬ ಹೆಸರು ನೆಲೆಗೊಂಡಿದೆ. ಇದರಲ್ಲಿ ಸಮಾಲೋಚನೆಯೆಂದರೆ ಕೂಡಿ ಯೋಚಿಸುವುದು. ಅದು ಒಂದು ಕೆಲಸದ ಹೆಸರು. ಆಪ್ತವೆಂಬುದು ಒಂದು ಸಂಬಂಧದ ಹೆಸರಾಗಿದ್ದು, ಹತ್ತಿರದ, ನಂಬಿಕೆಗೆ ಯೋಗ್ಯವಾದ ಎಂಬ ಅರ್ಥಗಳನ್ನು ಕೊಡುತ್ತದೆ. ಭಾರತೀಯ ತರ್ಕಶಾಸ್ತ್ರದಲ್ಲಿಯೂ ಆಪ್ತನೆಂದರೆ ಯಾರ ಮಾತನ್ನು ಪ್ರಮಾಣವಾಗಿ ಸ್ವೀಕರಿಸಬಹುದೋ ಅಂಥವನು. ಮೂಲದ ಇಂಗ್ಲಿಷ್ ಪದದಲ್ಲಿಲ್ಲದ ಈ ವಿಶೇಷಣವನ್ನು ಕನ್ನಡವು ತಾನಾಗಿ ಸೇರಿಸಿಕೊಂಡಿರುವುದರಿಂದ, ಆಪ್ತತೆ ಮೊದಲು ಒದಗಬೇಕು, ಸಮಾಲೋಚನೆ ಅದರ ಬೆನ್ನಿಗೆ ಬರಬೇಕು ಎಂಬ ತಿಳಿವಳಿಕೆಯೊಂದು ಈ ಪದಪುಂಜದ ಕ್ರಮದಲ್ಲಿಯೇ ಅಡಗಿದೆ.

ಎರಡನೆಯ ಪದ ‘ಸ್ವಾಸ್ಥ್ಯ’. ತನ್ನಲ್ಲಿ ತಾನು ನೆಲೆನಿಂತಿರುವವನು ಸ್ವಸ್ಥ. ಆ ಸ್ಥಿತಿಯೇ ಸ್ವಾಸ್ಥ್ಯ. ರೋಗವಿಲ್ಲದಿರುವುದಷ್ಟೇ ಇದರ ಅರ್ಥವಲ್ಲ. ಆದರೆ ಹದಿಹರೆಯದ ವ್ಯಕ್ತಿಗೆ ‘ತಾನು’ ಎಂಬುದೇ ಇನ್ನೂ ರೂಪುಗೊಳ್ಳುತ್ತಿರುವ ವಸ್ತುವಾದ್ದರಿಂದ, ಅವನು ಅಥವಾ ಅವಳು ತನ್ನಲ್ಲಿ ನೆಲೆನಿಲ್ಲುವುದಕ್ಕೆ ಮುಂಚೆ ಇತರರ ನಡುವೆ ಒಂದು ನೆಲೆ ಸಿಕ್ಕಿರಬೇಕಾಗುತ್ತದೆ. ಮನೆಯ ಹೊರಗೆ ಅಂಥ ನೆಲೆಯನ್ನು ದಿನವೂ, ವರ್ಷಗಟ್ಟಲೆ, ಎಲ್ಲ ಜಾತಿ ಮತ ವರ್ಗಗಳ ಮಕ್ಕಳಿಗೂ ಒದಗಿಸಬಲ್ಲ ಸಾರ್ವಜನಿಕ ಸಂಸ್ಥೆ ಶಾಲೆಯೊಂದೇ. ಆದ್ದರಿಂದ ವಿದ್ಯಾರ್ಥಿಗಳ ಸ್ವಾಸ್ಥ್ಯವು ಶಾಲೆಯ ಒಂದು ಕೋಣೆಯಲ್ಲಿ ವಾರಕ್ಕೊಮ್ಮೆ ದೊರೆಯುವ ಸೇವೆಯಾಗಿ ನಿಲ್ಲದೆ ಶಾಲೆಯ ಒಟ್ಟು ಬಾಳ್ವೆಯ ಗುಣವಾಗಬೇಕು, ಆ ಗುಣಕ್ಕೆ ಆಪ್ತತೆಯೇ ಬುನಾದಿಯಾಗಬೇಕು ಎಂಬುದನ್ನು ಪ್ರತಿಪಾದಿಸುವುದು ಈ ಉಪನ್ಯಾಸದ ಉದ್ದೇಶ.

2. ಹದಿಹರೆಯದ ಸ್ವರೂಪ

ವಿಶ್ವ ಆರೋಗ್ಯ ಸಂಸ್ಥೆಯು 10ರಿಂದ 19 ವರ್ಷದವರೆಗಿನ ಕಾಲವನ್ನು ಹದಿಹರೆಯವೆಂದು ಗುರುತಿಸುತ್ತದೆ. 2011ರ ಜನಗಣತಿಯ ಪ್ರಕಾರ ಭಾರತದಲ್ಲಿ ಈ ವಯೋಮಾನದವರ ಸಂಖ್ಯೆ ಸುಮಾರು 25 ಕೋಟಿ. ಬಾಲ್ಯಕ್ಕೂ ಪ್ರೌಢ ವಯಸ್ಸಿಗೂ ನಡುವಣ ಈ ಘಟ್ಟವನ್ನು ಪ್ರತ್ಯೇಕ ಅಧ್ಯಯನದ ವಿಷಯವನ್ನಾಗಿ ಮಾಡಿದವರಲ್ಲಿ ಅಮೆರಿಕದ ಮನೋವಿಜ್ಞಾನಿ ಜಿ. ಸ್ಟ್ಯಾನ್ಲಿ ಹಾಲ್ ಪ್ರಮುಖರು. 1904ರಲ್ಲಿ ಪ್ರಕಟವಾದ ಅವರ ಎರಡು ಸಂಪುಟಗಳ ಗ್ರಂಥವು ಹದಿಹರೆಯವನ್ನು ಬಿರುಗಾಳಿಯ ಕಾಲವೆಂದು ಬಣ್ಣಿಸಿತು. ಮಾನವಶಾಸ್ತ್ರಜ್ಞೆ ಮಾರ್ಗರೆಟ್ ಮೀಡ್ 1928ರಲ್ಲಿ ಸಮೋವಾ ದ್ವೀಪದ ಹುಡುಗಿಯರನ್ನು ಕುರಿತು ಬರೆಯುತ್ತ, ಆ ಬಿರುಗಾಳಿ ಎಲ್ಲ ಸಮಾಜಗಳಲ್ಲಿಯೂ ಒಂದೇ ಬಗೆಯಲ್ಲಿ ಬೀಸುವುದಿಲ್ಲವೆಂದು ವಾದಿಸಿದರು. ಮೀಡ್ ಅವರ ಕ್ಷೇತ್ರಕಾರ್ಯದ ಬಗೆಗೆ ಮುಂದೆ ತೀವ್ರ ಚರ್ಚೆ ನಡೆಯಿತಾದರೂ, ಹದಿಹರೆಯದ ಅನುಭವವು ಅದನ್ನು ಸುತ್ತುವರಿದ ಸಮುದಾಯದಿಂದ ರೂಪುಗೊಳ್ಳುತ್ತದೆಂಬ ವಿಚಾರ ಉಳಿದುಕೊಂಡಿತು.

ಇತ್ತೀಚಿನ ದಶಕಗಳ ನರವಿಜ್ಞಾನವು ಈ ವಿಚಾರಕ್ಕೆ ದೇಹದ ಆಧಾರವನ್ನು ಒದಗಿಸಿದೆ. ಭಾವನೆ ಮತ್ತು ಸುಖಾಪೇಕ್ಷೆಗಳಿಗೆ ಸಂಬಂಧಿಸಿದ ಮಿದುಳಿನ ಭಾಗಗಳು ಹದಿಹರೆಯದ ಆರಂಭದಲ್ಲಿಯೇ ಚುರುಕಾಗುತ್ತವೆ. ಯೋಜಿಸುವ, ತಡೆಯುವ, ಪರಿಣಾಮವನ್ನು ತೂಗಿ ನೋಡುವ ಕೆಲಸಗಳನ್ನು ನಿರ್ವಹಿಸುವ ಮುಂಭಾಗದ ತೊಗಟೆಯು ಇಪ್ಪತ್ತರ ವಯಸ್ಸು ದಾಟಿದ ಮೇಲೂ ಬಲಿಯುತ್ತಿರುತ್ತದೆ. ಹೀಗಾಗಿ ಓರಗೆಯವರ ಮೆಚ್ಚುಗೆ, ಅವಮಾನ, ಹೊರಗಿಡುವಿಕೆ ಇವು ಈ ವಯಸ್ಸಿನಲ್ಲಿ ದೊಡ್ಡವರು ಊಹಿಸಲಾರದಷ್ಟು ಆಳವಾಗಿ ನಾಟುತ್ತವೆ. ನಿದ್ದೆ ಬರಿಸುವ ಹಾರ್ಮೋನು ಈ ಕಾಲದಲ್ಲಿ ರಾತ್ರಿ ತಡವಾಗಿ ಸ್ರವಿಸುವುದರಿಂದ ಮಗು ತಡವಾಗಿ ಮಲಗುತ್ತದೆ. ಆದರೆ ಟ್ಯೂಷನ್ನು, ದೂರದ ಬಸ್ಸು, ಮನೆಗೆಲಸಗಳು ಅದನ್ನು ಬೇಗ ಎಬ್ಬಿಸುತ್ತವೆ. ಸೋಮಾರಿತನವೆಂದು ಬೈಸಿಕೊಳ್ಳುವ ಮೊದಲನೆಯ ಪಿರಿಯಡ್ಡಿನ ತೂಕಡಿಕೆಯ ಹಿಂದೆ ಹಲವು ವೇಳೆ ಇರುವುದು ಈ ಎರಡು ಗಡಿಯಾರಗಳ ಘರ್ಷಣೆ.

ಕಷ್ಟದ ಪ್ರಮಾಣವೂ ಸಣ್ಣದಲ್ಲ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯ ನೇತೃತ್ವದಲ್ಲಿ 2015–16ರಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯು 13ರಿಂದ 17 ವರ್ಷದವರಲ್ಲಿ ಶೇ. 7.3ರಷ್ಟು ಮಂದಿಗೆ ಯಾವುದಾದರೊಂದು ಮಾನಸಿಕ ಅಸ್ವಸ್ಥತೆ ಇದೆಯೆಂದು ಅಂದಾಜಿಸಿತು. ನಲವತ್ತು ಮಕ್ಕಳ ತರಗತಿಗೆ ಇದನ್ನು ಅನ್ವಯಿಸಿದರೆ ಸರಾಸರಿ ಮೂವರಾಗುತ್ತಾರೆ. ಅಸ್ವಸ್ಥತೆಯೆಂದು ಹೆಸರಿಡಲಾಗದಿದ್ದರೂ ಭಯ, ಒಂಟಿತನ, ಮನೆಯ ಜಗಳ, ಕುಡಿತದ ತಂದೆ, ದೇಹದ ಬಗೆಗಿನ ನಾಚಿಕೆ ಇವುಗಳಿಂದ ಬಳಲುವವರು ಈ ಮೂವರ ಆಚೆಗೆ ಇನ್ನೆಷ್ಟೋ ಮಂದಿ ಇರುತ್ತಾರೆ.

3. ಎಂಟನೆಯ ತರಗತಿಯ ಹೊಸ್ತಿಲು

ಕರ್ನಾಟಕದ ಶಾಲಾ ವ್ಯವಸ್ಥೆಯಲ್ಲಿ ಬಹುಪಾಲು ಮಕ್ಕಳು ಏಳನೆಯ ತರಗತಿಯ ತನಕ ತಮ್ಮೂರಿನ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಓದಿ, ಎಂಟನೆಯ ತರಗತಿಗೆ ಬೇರೊಂದು ಊರಿನ ಪ್ರೌಢಶಾಲೆಗೆ ಸೇರುತ್ತಾರೆ. ಆಡಳಿತದ ದೃಷ್ಟಿಯಿಂದ ಒಂದು ವರ್ಗಾವಣೆ ಪತ್ರದಲ್ಲಿ ಮುಗಿಯುವ ಈ ಬದಲಾವಣೆಯು ಮಗುವಿನ ದೃಷ್ಟಿಯಿಂದ ಒಂದು ಲೋಕದ ಪಲ್ಲಟವೇ ಆಗಿರುತ್ತದೆ. ಪ್ರಾಥಮಿಕ ಶಾಲೆಯ ಮೇಷ್ಟ್ರಿಗೆ ಅಥವಾ ಟೀಚರಿಗೆ ಮಗುವಿನ ಮನೆ ಯಾವ ಬೀದಿಯಲ್ಲಿದೆ, ಅಕ್ಕ ಎಷ್ಟನೆಯ ತರಗತಿಗೆ ಶಾಲೆ ಬಿಟ್ಟಳು, ಅಪ್ಪ ಯಾವ ತಿಂಗಳಲ್ಲಿ ದುಡಿಮೆಗಾಗಿ ಊರು ಬಿಡುತ್ತಾನೆ ಎಂಬುದೆಲ್ಲ ಸಾಮಾನ್ಯವಾಗಿ ತಿಳಿದಿರುತ್ತದೆ. ಪ್ರೌಢಶಾಲೆಯಲ್ಲಿ ಹಲವು ಹಳ್ಳಿಗಳ ಮಕ್ಕಳು ಒಂದೆಡೆ ಸೇರುತ್ತಾರೆ. ಗಂಟೆ ಹೊಡೆದಂತೆಲ್ಲ ಶಿಕ್ಷಕರು ಬದಲಾಗುತ್ತಾರೆ. ಪ್ರತಿಯೊಬ್ಬ ಶಿಕ್ಷಕರಿಗೂ ಮಗುವಿನ ಒಂದು ವಿಷಯದ ಅಂಕ ತಿಳಿದಿದ್ದು, ಇಡೀ ಮಗುವನ್ನು ಬಲ್ಲವರು ಯಾರೂ ಇಲ್ಲದಿರುವ ಸಂಭವ ಹೆಚ್ಚುತ್ತದೆ.

ಮನೆಯವರಿಂದ ತುಸು ದೂರ ಸರಿಯುತ್ತ, ಮನೆಯಾಚೆಯ ಹಿರಿಯರೊಬ್ಬರಲ್ಲಿ ಭರವಸೆಯನ್ನು ಹುಡುಕುವ ವಯಸ್ಸಿನಲ್ಲಿಯೇ, ತನ್ನನ್ನು ಪೂರ್ತಿಯಾಗಿ ಬಲ್ಲ ಹಿರಿಯರು ಕೈತಪ್ಪಿ ಹೋಗುವುದು ಪ್ರೌಢಶಾಲೆಯ ರಚನೆಯಲ್ಲಿಯೇ ಇರುವ ಒಂದು ಕೊರತೆ. ಇದು ಯಾವುದೋ ಶಿಕ್ಷಕರ ಸ್ವಭಾವದಿಂದ ಹುಟ್ಟಿದ್ದಲ್ಲವಾದ್ದರಿಂದ, ಶಿಕ್ಷಕರಿಗೆ ಪ್ರೀತಿಯನ್ನು ಉಪದೇಶಿಸುವುದರಿಂದ ತುಂಬುವುದೂ ಅಲ್ಲ. ರಚನೆಯ ಕೊರತೆಯನ್ನು ರಚನೆಯಿಂದಲೇ ತುಂಬಬೇಕಾಗುತ್ತದೆ. ಅದನ್ನು ಹೇಗೆ ಮಾಡಬಹುದೆಂಬುದಕ್ಕೆ ಭಾರತದಲ್ಲಿಯೇ ನಡೆದ ಎರಡು ಪ್ರಯೋಗಗಳು ದಾರಿ ತೋರುತ್ತವೆ.

4. ಬೆಂಗಳೂರು ಮತ್ತು ನಾಲಂದಾ

ಮೊದಲನೆಯದು ನಿಮ್ಹಾನ್ಸ್ ರೂಪಿಸಿದ ಜೀವನ ಕೌಶಲ ಶಿಕ್ಷಣದ ಕಾರ್ಯಕ್ರಮ. ನಿತ್ಯಜೀವನದ ಬೇಡಿಕೆಗಳನ್ನೂ ಸವಾಲುಗಳನ್ನೂ ಎದುರಿಸಲು ಬೇಕಾದ ಸಾಮರ್ಥ್ಯಗಳಿಗೆ ಜೀವನ ಕೌಶಲಗಳೆಂದು ಹೆಸರು. ವಿಶ್ವ ಆರೋಗ್ಯ ಸಂಸ್ಥೆಯು 1990ರ ದಶಕದಲ್ಲಿ ಇಂಥ ಹತ್ತನ್ನು ಪಟ್ಟಿಮಾಡಿದ್ದು, ನಿರ್ಧಾರ ಕೈಗೊಳ್ಳುವುದು, ಸಮಸ್ಯೆ ಬಿಡಿಸುವುದು, ಸ್ಪಷ್ಟವಾಗಿ ಮಾತನಾಡುವುದು, ತನ್ನನ್ನು ತಾನು ಅರಿಯುವುದು, ಇನ್ನೊಬ್ಬರ ನೋವನ್ನು ತನ್ನದೆಂಬಂತೆ ಗ್ರಹಿಸುವುದು, ಭಾವೋದ್ವೇಗವನ್ನೂ ಒತ್ತಡವನ್ನೂ ನಿಭಾಯಿಸುವುದು ಅವುಗಳಲ್ಲಿ ಮುಖ್ಯವಾದವು. ಈ ಕೌಶಲಗಳನ್ನು ಚಟುವಟಿಕೆಗಳ ಮೂಲಕ ಕಲಿಸಲು ಪ್ರೌಢಶಾಲೆಯ ಶಿಕ್ಷಕರಿಗೇ ತರಬೇತಿ ನೀಡಲಾಯಿತು. ಶ್ರೀಕಲಾ ಭರತ್ ಮತ್ತು ಕಿಶೋರ್ ಕುಮಾರ್ ಅವರು 2010ರಲ್ಲಿ ಪ್ರಕಟಿಸಿದ ಮೌಲ್ಯಮಾಪನದಲ್ಲಿ, ಈ ಕಾರ್ಯಕ್ರಮವನ್ನು ಪಡೆದ ವಿದ್ಯಾರ್ಥಿಗಳು ಪಡೆಯದವರಿಗಿಂತ ಹೆಚ್ಚಿನ ಸ್ವಾಭಿಮಾನವನ್ನೂ ಕಷ್ಟವನ್ನು ನಿಭಾಯಿಸಬಲ್ಲೆನೆಂಬ ಧೈರ್ಯವನ್ನೂ ತೋರಿದರು. ಶಿಕ್ಷಕರೊಂದಿಗಿನ ಮತ್ತು ಶಾಲೆಯೊಂದಿಗಿನ ಅವರ ಹೊಂದಾಣಿಕೆ ಉತ್ತಮವಾಗಿತ್ತು. ಆದರೆ ಮಾನಸಿಕ ಕಾಯಿಲೆಯ ಲಕ್ಷಣಗಳಲ್ಲಿಯೂ, ಮನೆಯವರೊಂದಿಗೆ ಮತ್ತು ಓರಗೆಯವರೊಂದಿಗೆ ಇದ್ದ ಹೊಂದಾಣಿಕೆಯಲ್ಲಿಯೂ ಎರಡು ಗುಂಪುಗಳ ನಡುವೆ ವ್ಯತ್ಯಾಸ ಕಂಡುಬರಲಿಲ್ಲ. ಶಿಕ್ಷಕರು ಕಲಿಸಿದ ಕೌಶಲವು ಮಕ್ಕಳಿಗೂ ಶಿಕ್ಷಕರಿಗೂ ನಡುವಣ ನಂಟನ್ನು ಗಟ್ಟಿಗೊಳಿಸಿತು; ಮನೆಯ ಹೊಸ್ತಿಲನ್ನೂ ಗೆಳೆಯರ ಕೂಟವನ್ನೂ ಅದು ಅಷ್ಟಾಗಿ ಮುಟ್ಟಲಿಲ್ಲ.

ಎರಡನೆಯದು ಬಿಹಾರದ ನಾಲಂದಾ ಜಿಲ್ಲೆಯಲ್ಲಿ ನಡೆದ ‘ಸೆಹೆರ್’ ಎಂಬ ಪ್ರಯೋಗ. ಗೋವಾ ಮೂಲದ ಸಂಗಾತ್ ಸಂಸ್ಥೆಯ ಸಚಿನ್ ಶಿಂದೆ, ವಿಕ್ರಮ್ ಪಟೇಲ್ ಮೊದಲಾದವರು ಅಲ್ಲಿನ 74 ಸರ್ಕಾರಿ ಪ್ರೌಢಶಾಲೆಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪುಗಳಾಗಿ ವಿಂಗಡಿಸಿ, ಒಂಬತ್ತನೆಯ ತರಗತಿಯ 13,000ಕ್ಕೂ ಹೆಚ್ಚು ಮಕ್ಕಳನ್ನು ಅಧ್ಯಯನಕ್ಕೆ ಒಳಪಡಿಸಿದರು. ಮೂರೂ ಗುಂಪುಗಳಲ್ಲಿ ತರಗತಿಯೊಳಗಿನ ಜೀವನ ಕೌಶಲದ ಪಾಠಗಳಿದ್ದವು. ಒಂದು ಗುಂಪಿಗೆ ಆ ಪಾಠಗಳಷ್ಟೇ ದೊರೆತವು. ಇನ್ನೊಂದು ಗುಂಪಿನಲ್ಲಿ ಶಾಲೆಯ ಶಿಕ್ಷಕರೊಬ್ಬರಿಗೆ ತರಬೇತಿ ನೀಡಿ, ಇಡೀ ಶಾಲೆಯ ವಾತಾವರಣವನ್ನು ಸುಧಾರಿಸುವ ಹೊಣೆಯನ್ನು ವಹಿಸಲಾಯಿತು. ಮೂರನೆಯ ಗುಂಪಿನಲ್ಲಿ ಅದೇ ಹೊಣೆಯನ್ನು, ಮನೋವೈದ್ಯಕೀಯದ ಪದವಿಯಿಲ್ಲದ ಆದರೆ ತರಬೇತಿ ಪಡೆದ, ಶಾಲೆಯಲ್ಲಿ ಆ ಕೆಲಸಕ್ಕಾಗಿಯೇ ಇರುವ ಹೊರಗಿನ ವ್ಯಕ್ತಿಯೊಬ್ಬರಿಗೆ ವಹಿಸಿ, ಅವರನ್ನು ‘ಸೆಹೆರ್ ಮಿತ್ರ’ ಎಂದು ಕರೆಯಲಾಯಿತು.

ಇಲ್ಲಿ ಶಾಲಾ ವಾತಾವರಣವೆಂದರೆ ಕಟ್ಟಡ, ಗಾಳಿ, ಬೆಳಕುಗಳ ಮಾತಲ್ಲ. ಮಕ್ಕಳಿಗೆ ಶಿಕ್ಷಕರ ಬೆಂಬಲವಿದೆ ಎನಿಸುತ್ತದೆಯೇ, ಶಾಲೆ ತಮ್ಮದೆನಿಸುತ್ತದೆಯೇ, ಅದರ ಆಗುಹೋಗುಗಳಲ್ಲಿ ತಮಗೊಂದು ಪಾಲಿದೆ ಎನಿಸುತ್ತದೆಯೇ ಎಂಬುದರ ಒಟ್ಟು ಅನುಭವಕ್ಕೆ ಆ ಹೆಸರು. ಮಿತ್ರರ ಕೆಲಸದಲ್ಲಿ ಮೂರು ಸುತ್ತುಗಳಿದ್ದವು. ಇಡೀ ಶಾಲೆಗೆ ಸಂಬಂಧಿಸಿದಂತೆ ಪ್ರಾರ್ಥನಾ ಸಭೆಯ ಮಾತುಗಳು, ಗೋಡೆ ಪತ್ರಿಕೆ, ಸ್ಪರ್ಧೆಗಳು, ಮಕ್ಕಳು ತಮ್ಮ ದೂರನ್ನೂ ಪ್ರಶ್ನೆಯನ್ನೂ ಬರೆದು ಹಾಕುವ ಪೆಟ್ಟಿಗೆ ಮತ್ತು ಶಾಲಾ ಆರೋಗ್ಯ ಸಮಿತಿ. ಗುಂಪುಗಳಿಗೆ ಸಂಬಂಧಿಸಿದಂತೆ ವಿದ್ಯಾರ್ಥಿಗಳ ಓರಗೆಯ ಕೂಟಗಳು ಮತ್ತು ಕಾರ್ಯಾಗಾರಗಳು. ಕಷ್ಟದಲ್ಲಿರುವ ಒಬ್ಬೊಬ್ಬರಿಗೆ ಪ್ರತ್ಯೇಕ ಸಮಾಲೋಚನೆ. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಮಿತ್ರರಿದ್ದ ಶಾಲೆಗಳ ವಾತಾವರಣ ಗಣನೀಯವಾಗಿ ಸುಧಾರಿಸಿತು. ಖಿನ್ನತೆಯ ಲಕ್ಷಣಗಳು, ಪೀಡನೆ ಮತ್ತು ಹಿಂಸೆ ಕಡಿಮೆಯಾದವು. ಹೆಣ್ಣು ಗಂಡು ಸಮಾನರೆಂಬ ಭಾವನೆ ಹೆಚ್ಚಿತು. ಎರಡನೆಯ ವರ್ಷದಲ್ಲಿ ಈ ಪರಿಣಾಮ ಇನ್ನೂ ಹಿಗ್ಗಿತು. ಅದೇ ಕಾರ್ಯಕ್ರಮವನ್ನು ಶಿಕ್ಷಕರು ನಡೆಸಿದ ಶಾಲೆಗಳಲ್ಲಾದರೋ, ಪಾಠಗಳಷ್ಟೇ ಇದ್ದ ಶಾಲೆಗಳಿಗಿಂತ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

5. ಆಪ್ತತೆಯ ಷರತ್ತುಗಳು

ನಾಲಂದಾದ ಫಲಿತಾಂಶವನ್ನು ಶಿಕ್ಷಕರ ಮೇಲಿನ ತೀರ್ಪೆಂದು ಓದುವುದು ಅನ್ಯಾಯವಾದೀತು. ಎರಡೂ ಬಗೆಯ ಶಾಲೆಗಳಲ್ಲಿ ಕಾರ್ಯಕ್ರಮ ಒಂದೇ ಆಗಿದ್ದು, ಅದನ್ನು ನಡೆಸುವವರ ಸ್ಥಾನ ಮಾತ್ರ ಬೇರೆಯಾಗಿತ್ತು. ಆ ಸ್ಥಾನಭೇದವನ್ನು ಬಿಡಿಸಿ ನೋಡಿದರೆ ಆಪ್ತತೆಗೆ ಮೂರು ಷರತ್ತುಗಳಿರುವುದು ಗೋಚರಿಸುತ್ತದೆ.

ಮೊದಲನೆಯದು, ಆಪ್ತರಾಗುವವರ ಕೈಯಲ್ಲಿ ಅಂಕವಿರಬಾರದು. ಆಂತರಿಕ ಮೌಲ್ಯಮಾಪನದ ಅಂಕ ನೀಡುವವರ, ಪೋಷಕರ ಸಭೆಯಲ್ಲಿ ದೂರು ಹೇಳುವವರ ಮುಂದೆ ಮಗು ತನ್ನ ಸೋಲನ್ನು ಬಿಚ್ಚಿಡಲು ಹಿಂಜರಿಯುವುದು ಸಹಜ. ಎರಡನೆಯದು, ಅವರಿಗೆ ಬಿಡುವಿರಬೇಕು. ಪಾಠ, ಮೌಲ್ಯಮಾಪನ, ದಾಖಲಾತಿ, ಬಿಸಿಯೂಟದ ಲೆಕ್ಕ, ಇವುಗಳ ಜೊತೆಗೆ ಜನಗಣತಿ, ಚುನಾವಣೆ, ಸಮೀಕ್ಷೆಗಳ ಹೊಣೆಯನ್ನು ಹೊತ್ತ ಸರ್ಕಾರಿ ಶಾಲೆಯ ಶಿಕ್ಷಕರಿಗೆ ಒಂದು ಮಗುವಿನ ಮೌನ ಮಾತಾಗುವ ತನಕ ಕಾಯುವಷ್ಟು ಸಮಯವನ್ನು ವ್ಯವಸ್ಥೆ ಉಳಿಸಿಲ್ಲ. ಮೂರನೆಯದು, ಗುಟ್ಟು ಉಳಿಯುತ್ತದೆಂಬ ಭರವಸೆ ಇರಬೇಕು. ಶಿಕ್ಷಕರ ಕೊಠಡಿಯಲ್ಲಿ ಮಗುವಿನ ಮನೆಯ ಸಂಗತಿ ಚಹದ ಜೊತೆಗಿನ ಮಾತಾದರೆ, ಆ ಶಾಲೆಯಲ್ಲಿ ಮತ್ತೆ ಯಾವ ಮಗುವೂ ಬಾಯಿ ಬಿಡುವುದಿಲ್ಲ. ಈ ಗುಟ್ಟಿಗೂ ಒಂದು ಎಲ್ಲೆಯಿದೆ: ಮಗುವಿನ ಪ್ರಾಣಕ್ಕೆ ಅಪಾಯವಿದ್ದಾಗ ಅದನ್ನು ಕಾಪಾಡಬಲ್ಲವರಿಗೆ ತಿಳಿಸಲೇಬೇಕು, ಲೈಂಗಿಕ ದೌರ್ಜನ್ಯ ನಡೆದಿರುವುದು ತಿಳಿದಾಗ ಸಂಬಂಧಪಟ್ಟವರಿಗೆ ವರದಿ ಮಾಡುವುದು 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಕಡ್ಡಾಯ. ಈ ಎಲ್ಲೆಯನ್ನು ಮಾತು ಆರಂಭವಾಗುವ ಮುನ್ನವೇ ಮಗುವಿಗೆ ಅರ್ಥವಾಗುವಂತೆ ಹೇಳುವುದು ಆಪ್ತತೆಯ ಪ್ರಾಮಾಣಿಕತೆಗೆ ಸೇರಿದ ಸಂಗತಿ.

ಸರ್ವೋಚ್ಚ ನ್ಯಾಯಾಲಯವು 2025ರ ಜುಲೈ 25ರಂದು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯವನ್ನು ಕುರಿತು ಹೊರಡಿಸಿದ 15 ಮಾರ್ಗಸೂಚಿಗಳಲ್ಲಿ, ನೂರು ಅಥವಾ ಅದಕ್ಕಿಂತ ಹೆಚ್ಚು ವಿದ್ಯಾರ್ಥಿಗಳಿರುವ ಸಂಸ್ಥೆಗಳು ಅರ್ಹ ಆಪ್ತ ಸಮಾಲೋಚಕರು, ಮನಶ್ಶಾಸ್ತ್ರಜ್ಞರು ಅಥವಾ ಸಮಾಜ ಕಾರ್ಯಕರ್ತರಲ್ಲಿ ಒಬ್ಬರನ್ನಾದರೂ ನೇಮಿಸಬೇಕೆಂದೂ, ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರೊಂದಿಗೆ ಸಂಪರ್ಕ ಕಲ್ಪಿಸಿಕೊಳ್ಳಬೇಕೆಂದೂ ಸೂಚಿಸಿತು. ಈ ಸೂಚನೆ ಸ್ವಾಗತಾರ್ಹ. ಆದರೆ ನೇಮಕಗೊಂಡವರನ್ನು ಶಿಕ್ಷಕರ ಕೊರತೆ ತುಂಬಲು ತರಗತಿಗೆ ಕಳುಹಿಸುವುದು ಅಥವಾ ಶಿಸ್ತು ತಪ್ಪಿದವರನ್ನು ವಿಚಾರಿಸುವ ಅಧಿಕಾರಿಯನ್ನಾಗಿ ಮಾಡುವುದು ನಡೆದರೆ, ಆಪ್ತತೆಯ ಮೂರು ಷರತ್ತುಗಳೂ ಮುರಿದು, ಹುದ್ದೆಯ ಹೆಸರಷ್ಟೇ ಉಳಿಯುತ್ತದೆ.

6. ದಿನಚರಿಯೊಳಗಿನ ಸಾಧನಗಳು

ನಾಲಂದಾದ ಮಿತ್ರರು ಬಳಸಿದ ಸಾಧನಗಳಲ್ಲಿ ಹೆಚ್ಚಿನವು ಕನ್ನಡ ಶಾಲೆಗಳಿಗೆ ಹಳೆಯ ಪರಿಚಯದವು. ಪ್ರಾರ್ಥನೆ, ಗೋಡೆ ಪತ್ರಿಕೆ, ವಿದ್ಯಾರ್ಥಿಗಳ ಮಂತ್ರಿಮಂಡಲ, ಸಲಹಾ ಪೆಟ್ಟಿಗೆ, ಪ್ರತಿಭಾ ಕಾರಂಜಿ ಇವೆಲ್ಲ ಇಲ್ಲಿ ಉಂಟು. ಇವುಗಳ ಇರವಿಗಿಂತ ಇವು ಯಾರ ದನಿಗೆ ಎಡೆಗೊಡುತ್ತವೆಂಬುದು ಮುಖ್ಯ. ಪೆಟ್ಟಿಗೆಗೆ ಬಿದ್ದ ಚೀಟಿಗೆ ಮುಂದಿನ ವಾರದ ಪ್ರಾರ್ಥನೆಯಲ್ಲಿ, ಹೆಸರು ಹೇಳದೆ, ಉತ್ತರ ದೊರೆತರೆ ಆ ಪೆಟ್ಟಿಗೆ ಜೀವಂತವಾಗಿರುತ್ತದೆ. ಉತ್ತರ ಬಾರದಿದ್ದರೆ ಎರಡನೆಯ ತಿಂಗಳಿಗೇ ಅದು ಬರಿದಾಗುತ್ತದೆ. ಕರ್ನಾಟಕದ ಗ್ರಾಮ ಪಂಚಾಯಿತಿಗಳಲ್ಲಿ ನಡೆಯುವ ಮಕ್ಕಳ ಗ್ರಾಮಸಭೆಗೂ ಇದೇ ಮಾತು ಸಲ್ಲುತ್ತದೆ: ಶೌಚಾಲಯಕ್ಕೆ ಬಾಗಿಲಿಲ್ಲ, ಸಂಜೆಯ ಬಸ್ಸು ನಿಲ್ಲುವುದಿಲ್ಲ ಎಂದು ಎದ್ದು ನಿಂತು ಹೇಳಿದ ಹುಡುಗಿಗೆ ಆ ಬಾಗಿಲು ಬಂದದ್ದು ಕಂಡರೆ, ತನ್ನ ಮಾತಿಗೆ ಬೆಲೆಯಿದೆಯೆಂಬ ಅರಿವು ಮೂಡುತ್ತದೆ, ಮತ್ತು ಸ್ವಾಸ್ಥ್ಯದ ಒಂದು ದೊಡ್ಡ ಪಾಲು ಆ ಅರಿವೇ ಆಗಿರುತ್ತದೆ.

ಬಿಸಿಯೂಟವನ್ನು ಪೌಷ್ಟಿಕತೆಯ ಕಾರ್ಯಕ್ರಮವೆಂದಷ್ಟೇ ಎಣಿಸುವುದು ವಾಡಿಕೆ. 2002ರಲ್ಲಿ ಕರ್ನಾಟಕದಲ್ಲಿ ಅಕ್ಷರ ದಾಸೋಹವೆಂಬ ಹೆಸರಿನಲ್ಲಿ ಆರಂಭವಾದ ಈ ಯೋಜನೆ ಕ್ರಮೇಣ ಹತ್ತನೆಯ ತರಗತಿಯವರೆಗೂ ವಿಸ್ತರಿಸಿತು. ದಾಸೋಹವೆಂಬ ಶರಣರ ಪದವನ್ನು ಹೊತ್ತ ಈ ಊಟದ ಹೊತ್ತು, ಮಕ್ಕಳು ಜಾತಿಯ ಗೆರೆಯನ್ನು ಅಳಿಸುವ ಅಥವಾ ಮತ್ತೆ ಎಳೆಯುವ ಹೊತ್ತೂ ಹೌದು. ಯಾರ ಪಕ್ಕದಲ್ಲಿ ಯಾರು ಕೂರುವುದಿಲ್ಲ, ಯಾರು ತಟ್ಟೆ ಹಿಡಿದು ಒಬ್ಬರೇ ಗೋಡೆಗೆ ಒರಗಿರುತ್ತಾರೆ ಎಂಬುದನ್ನು ಗಮನಿಸುವ ಹಿರಿಯರೊಬ್ಬರು ಅಲ್ಲಿದ್ದರೆ, ಯಾವ ಪ್ರಶ್ನಾವಳಿಯೂ ತಿಳಿಸದ ಸಂಗತಿಗಳು ತಿಳಿದುಬರುತ್ತವೆ. ಅಡುಗೆ ಮಾಡಿ ಬಡಿಸುವ ತಾಯಂದಿರಿಗೆ ಇಂಥ ಸಂಗತಿಗಳು ಮುಖ್ಯೋಪಾಧ್ಯಾಯರಿಗಿಂತ ಮೊದಲು ಗೊತ್ತಾಗುವುದುಂಟು. ಆದರೆ ಶಾಲೆಯ ಸಭೆಗಳಲ್ಲಿ ಅವರನ್ನು ಕೇಳುವವರು ವಿರಳ.

ಹಾಜರಿ ಪುಸ್ತಕವು ಸ್ವಾಸ್ಥ್ಯದ ಮೊದಲ ದಾಖಲೆ. ತಿಂಗಳಿಗೆ ನಾಲ್ಕೈದು ದಿನ ತಪ್ಪದೆ ಗೈರುಹಾಜರಾಗುವ ಹುಡುಗಿಯ ಹೆಸರಿನ ಮುಂದೆ ಶಾಲೆಯಲ್ಲಿ ನೀರು, ಶೌಚಾಲಯ, ಪ್ಯಾಡುಗಳ ಕೊರತೆಯಿದೆಯೆಂಬುದು ಬರೆದಿರುತ್ತದೆ. ಸೋಮವಾರಗಳಂದು ಬಾರದ ಹುಡುಗನ ಹೆಸರಿನ ಮುಂದೆ ಸಂತೆಯ ಕೂಲಿಯೋ ಭಾನುವಾರದ ಮನೆಯ ಜಗಳವೋ ಇರುತ್ತದೆ. ಹಬ್ಬದ ರಜೆಯ ಬಳಿಕ ಬಾರದ ಒಂಬತ್ತನೆಯ ತರಗತಿಯ ಬಾಲಕಿಗೆ ಮದುವೆ ಗೊತ್ತಾಗಿರಬಹುದು. ಬಾಲ್ಯವಿವಾಹವನ್ನು ಆರಂಭದಿಂದಲೇ ಅಸಿಂಧುವೆಂದು ಸಾರಿದ ತಿದ್ದುಪಡಿ ಕರ್ನಾಟಕದಲ್ಲಿದೆ; ಆದರೆ ಕಾನೂನು ಆ ಮನೆಯನ್ನು ತಲುಪುವುದಕ್ಕೆ ಮೊದಲು, ಆಕೆ ಏಕೆ ಬರಲಿಲ್ಲವೆಂದು ಮೂರನೆಯ ದಿನವೇ ಕೇಳುವ ಶಾಲೆ ಅಲ್ಲಿಗೆ ತಲುಪಬೇಕು. ಗೈರುಹಾಜರಿಯನ್ನು ತಪ್ಪೆಂದು ದಂಡಿಸುವ ಶಾಲೆಗೂ ಅದನ್ನು ಸುದ್ದಿಯೆಂದು ಓದುವ ಶಾಲೆಗೂ ಇರುವ ಅಂತರ ಬಹಳ ದೊಡ್ಡದು.

ಪರೀಕ್ಷೆಯ ಭಯವನ್ನು ಈ ಚರ್ಚೆಯಿಂದ ಹೊರಗಿಡಲಾಗದು. 2023–24ನೇ ಸಾಲಿನಿಂದ ಕರ್ನಾಟಕದಲ್ಲಿ ಎಸ್ಸೆಸ್ಸೆಲ್ಸಿಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳ ಅವಕಾಶ ಕಲ್ಪಿಸಿ, ಉತ್ತಮ ಅಂಕವನ್ನು ಉಳಿಸಿಕೊಳ್ಳಲು ಬಿಟ್ಟಿರುವುದು, ಒಂದೇ ದಿನದ ಸೋಲನ್ನು ಬದುಕಿನ ಸೋಲೆಂದು ಭಾವಿಸುವ ಮನಸ್ಸಿಗೆ ಒಂದು ಆಸರೆ. ಆದರೆ ಮಾರ್ಚ್‌ನಲ್ಲಿ ಬೀಳುವ ಹೊರೆ ಜೂನ್‌ನಿಂದಲೇ ಕಟ್ಟಿಕೊಳ್ಳುತ್ತ ಬರುತ್ತದೆ. ಕಿರುಪರೀಕ್ಷೆಯ ಅಂಕವನ್ನು ತರಗತಿಯಲ್ಲಿ ಗಟ್ಟಿಯಾಗಿ ಓದಿ ಹೇಳುವುದು, ಕಡಿಮೆ ಅಂಕದವರನ್ನು ಹಿಂದಿನ ಬೆಂಚಿಗೆ ಸೇರಿಸುವುದು, ಹೋಲಿಸಿ ಹೀಯಾಳಿಸುವುದು ಇವು ಕಲಿಕೆಯನ್ನು ಹೆಚ್ಚಿಸುವುದಿಲ್ಲ. ಶಿಕ್ಷಣದ ಹಕ್ಕಿನ ಕಾಯ್ದೆಯ 17ನೆಯ ವಿಧಿಯು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಬೆತ್ತ ಶಾಲೆಗಳಿಂದ ಬಹುಮಟ್ಟಿಗೆ ಮರೆಯಾಗುತ್ತಿದ್ದರೂ ಚುಚ್ಚುಮಾತು ಉಳಿದಿದೆ. ಅದರ ಗಾಯ ಹೊರಗೆ ಕಾಣದಿರುವುದೇ ಅದನ್ನು ಹೆಚ್ಚು ಅಪಾಯಕಾರಿಯಾಗಿಸುತ್ತದೆ.

7. ಶಾಲೆಯ ಎಲ್ಲೆ ಮತ್ತು ಮೊದಲ ಹೆಜ್ಜೆ

ಶಾಲೆಯು ಆಸ್ಪತ್ರೆಯಲ್ಲ, ಆಗಬೇಕಾಗಿಯೂ ಇಲ್ಲ. ವಾರಗಟ್ಟಲೆ ನಿದ್ದೆ, ಊಟ, ಆಟಗಳನ್ನು ತೊರೆದ, ತನಗೆ ತಾನೇ ಗಾಯ ಮಾಡಿಕೊಳ್ಳುವ, ಸಾವಿನ ಮಾತಾಡುವ ಮಗುವಿಗೆ ವೈದ್ಯಕೀಯ ನೆರವು ತಡವಿಲ್ಲದೆ ಬೇಕು. ಆಪ್ತರಾದವರ ಕರ್ತವ್ಯವೆಂದರೆ ಅಂಥ ಮಗುವನ್ನು ಒಂಟಿಯಾಗಿ ಬಿಡದೆ, ಮನೆಯವರನ್ನು ಜೊತೆಗೂಡಿಸಿಕೊಂಡು, ತಜ್ಞರ ಬಳಿಗೆ ತಲುಪಿಸುವುದು. 2022ರ ಅಕ್ಟೋಬರ್ 10ರಂದು ಆರಂಭವಾದ ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯದ ದೂರವಾಣಿ ಸೇವೆಯು 14416 ಸಂಖ್ಯೆಯಲ್ಲಿ ದಿನದ ಇಪ್ಪತ್ನಾಲ್ಕು ಗಂಟೆಯೂ ಕನ್ನಡದಲ್ಲಿಯೂ ದೊರೆಯುತ್ತದೆ. ಅಪಾಯದಲ್ಲಿರುವ ಮಕ್ಕಳಿಗಾಗಿ 1098 ಸಹಾಯವಾಣಿಯಿದೆ. ಈ ಎರಡು ಸಂಖ್ಯೆಗಳು ಪ್ರತಿ ಶಾಲೆಯ ಗೋಡೆಯ ಮೇಲೆ, ಮಕ್ಕಳ ಕಣ್ಣಿನ ಎತ್ತರದಲ್ಲಿ ಬರೆದಿರತಕ್ಕವು.

ಇವುಗಳೆಲ್ಲದರ ನಡುವೆ, ಸರ್ಕಾರದ ಆದೇಶಕ್ಕೂ ಅನುದಾನಕ್ಕೂ ಕಾಯದೆ ಯಾವುದೇ ಪ್ರೌಢಶಾಲೆ ನಾಳೆಯೇ ಇಡಬಹುದಾದ ಹೆಜ್ಜೆಯೊಂದಿದೆ. ಎಲ್ಲ ಶಿಕ್ಷಕರು, ಗುಮಾಸ್ತರು, ಅಡುಗೆಯವರು ಒಂದು ಸಂಜೆ ಒಟ್ಟಿಗೆ ಕುಳಿತು, ಹಾಜರಿ ಪುಸ್ತಕವನ್ನು ಮುಂದಿಟ್ಟುಕೊಂಡು, ಪ್ರತಿಯೊಂದು ಹೆಸರನ್ನೂ ಓದುತ್ತ, ಈ ಮಗುವಿನ ಮನೆಯ ಸ್ಥಿತಿ, ಇಷ್ಟದ ಆಟ, ಹತ್ತಿರದ ಗೆಳೆಯರು ತಮ್ಮಲ್ಲಿ ಯಾರಿಗೆ ತಿಳಿದಿದೆಯೆಂದು ಕೇಳಿಕೊಂಡು, ತಿಳಿದವರ ಹೆಸರನ್ನು ಪಕ್ಕದಲ್ಲಿ ಬರೆಯಬಹುದು. ಗದ್ದಲ ಮಾಡುವವರನ್ನೂ ಬಹುಮಾನ ಗೆಲ್ಲುವವರನ್ನೂ ಹಲವರು ಬಲ್ಲವರಿರುತ್ತಾರೆ. ನಡುವಿನ ಸಾಲಿನಲ್ಲಿ ಕುಳಿತು, ಕೇಳಿದ್ದಕ್ಕೆ ಉತ್ತರಿಸಿ, ತಂಟೆಯಿಲ್ಲದೆ ಮನೆಗೆ ಹೋಗುವ ಕೆಲವು ಮಕ್ಕಳ ಹೆಸರಿನ ಪಕ್ಕದ ಜಾಗ ಖಾಲಿ ಉಳಿಯುತ್ತದೆ. ಆ ಮಕ್ಕಳಲ್ಲಿ ಒಬ್ಬೊಬ್ಬರನ್ನು ಒಬ್ಬೊಬ್ಬ ಹಿರಿಯರು ತಮ್ಮ ಪಾಲಿಗೆ ವಹಿಸಿಕೊಂಡು, ಅಂಕದ ಮಾತೆತ್ತದೆ ದಿನಕ್ಕೊಮ್ಮೆ ಹೆಸರು ಹಿಡಿದು ಕರೆದು ಮಾತನಾಡಿಸುವುದು ಸಾಧ್ಯ. ತಜ್ಞರು ಬರುವ ತನಕ ಸಮಾಲೋಚನೆ ಕಾಯಬೇಕಾದೀತು, ಆಪ್ತತೆ ಕಾಯಬೇಕಾಗಿಲ್ಲ. ಆ ಖಾಲಿ ಜಾಗಗಳು ತುಂಬಿದಾಗ ಹಾಜರಿ ಪುಸ್ತಕದಲ್ಲಿ ‘ಹಾಜರು’ ಎಂಬ ಗುರುತಿಗೆ ಅದರ ಪೂರ್ಣ ಅರ್ಥ ಬರುತ್ತದೆ.